ಅವ್ವನ ಪರೀಕ್ಷೆ, ನನ್ನ ಸೀಟು

ಕುದೇರು
೧೪ ಜೂನ್ ೧೯೯೪, ಮಂಗಳವಾರ

ಪ್ರೀತಿಯ ಭಾನಕ್ಕ,

ಕ್ಷೇಮ ಸಮಾಚಾರ ಆಮೇಲೆ ಕೇಳುತ್ತೇನೆ, ಮೊದಲು ಬೈಸಿಕೊಳ್ಳುವ ವಿಷಯ ಹೇಳಿಬಿಡುತ್ತೇನೆ. ನಾಳಿದ್ದು ಮೈಸೂರಿನ ಎಂ.ಎಸ್.ಡಬ್ಲ್ಯೂ. ಸಂದರ್ಶನಕ್ಕೆ ನಾನು ಅನುಭವದ ಸರ್ಟಿಫಿಕೇಟ್ ಇಲ್ಲದೆ ಹೋಗುತ್ತಿದ್ದೇನೆ.

ಕಾಗದ ಹರಿಯಬೇಡ, ಪೂರ್ತಿ ಓದು.

ನನ್ನ ಬಿ.ಎ. ಥರ್ಡ್ ಕ್ಲಾಸು. ಅರ್ಥಶಾಸ್ತ್ರದ ಪೇಪರಿನಲ್ಲಿ ಉತ್ತರ ಬರೆಯದೆ ಪ್ರಶ್ನೆಯನ್ನೇ ಖಂಡಿಸಿ ಎದ್ದುಬಂದವನು ನಾನು. ಕರಪತ್ರ ಓದಿದಷ್ಟು ಪಠ್ಯ ಓದಿದ್ದರೆ ಈ ಗತಿ ಬರುತ್ತಿತ್ತಾ ಎಂದು ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಜನರೆದುರೇ ನೀನು ನನ್ನನ್ನು ಬೈದೆ. ದಾರಿಯನ್ನೂ ನೀನೇ ಹೇಳಿದೆ: ಅಂಕಪಟ್ಟಿ ಇನ್ನು ಬದಲಾಗುವುದಿಲ್ಲ, ಅದರ ಪಕ್ಕ ಇಡುವಂಥದ್ದೇನಾದರೂ ದುಡಿದು ತಾ, ಅಲ್ಲಿಯವರು ಜನರ ನಡುವೆ ಕೆಲಸ ಮಾಡಿದವರನ್ನು ಕೇಳುತ್ತಾರೆ ಎಂದೆ. ಅದಕ್ಕೇ ನಮ್ಮ ಬೀದಿಯಲ್ಲಿ ಸಾಕ್ಷರತಾ ಸಂಘದ ಸಂಜೆ ಪಾಠ ಹೇಳಿಕೊಡಲು ಹಿಡಿದೆ; ಕಲಿತವರು ಓದಿ ತೋರಿಸಿದರೆ ಸಂಘದವರು ಸರ್ಟಿಫಿಕೇಟ್ ಕೊಡುತ್ತಾರೆ. ಸೀಟಿಗಾಗಿ ಶುರುಮಾಡಿದ್ದು ನಿಜ. ನಡುವೆ ಸೀಟೇ ಮರೆತುಹೋಗಿದ್ದೂ ನಿಜ.

ಕೂಲಿ ಮುಗಿಸಿದ ಹೆಂಗಸರೆಲ್ಲ ಬರುತ್ತಿದ್ದರು. ನಮ್ಮವ್ವನೂ ಬಂದು ಕೂತಳು. ಅರಿಸಿನದ ಹೊಲದಲ್ಲಿ ಕಳೆ ಕೀಳುವಾಗ ಒಬ್ಬಳು ಪಾಠ ಎತ್ತಿಕೊಡುತ್ತಿದ್ದಳು, ಉಳಿದವರು ರಾಗವಾಗಿ ಒಪ್ಪಿಸುತ್ತಿದ್ದರು. ಬದುವಿನ ಮೇಲೆ ನಿಂತು ಕೇಳಿ, ಕ್ರಾಂತಿ ನಮ್ಮೂರಿಗೂ ಬಂತು ಎಂದು ಉಬ್ಬಿದೆ ಅಕ್ಕ! ಹಾಡು ಕಲಿಯುವ ಹಾಗೆಯೇ ಪುಸ್ತಕವನ್ನೂ ಕಲಿಯುತ್ತಿದ್ದಾರೆ ಎಂದು ನನಗೆ ಹೊಳೆಯಲಿಲ್ಲ.

ನಿನ್ನೆ ಚಾಮರಾಜನಗರದಿಂದ ಸಂಘದ ಶಾಂತರಾಜು ಪರೀಕ್ಷೆಗೆ ಬಂದರು. ಮೊದಲು ಅವ್ವನನ್ನೇ ಕರೆದು ಬಾವಿಯ ಪಾಠ ತೆರೆದುಕೊಟ್ಟರು. ಅವ್ವ ಸಾಲಿನ ಕೆಳಗೆ ಬೆರಳಿಟ್ಟು, ಗಟ್ಟಿಯಾಗಿ, ಎಮ್ಮೆಯ ಪಾಠ ಹಾಡಿದಳು. ಬೆರಳು ಸಾಲು ತಪ್ಪಲಿಲ್ಲ. ಎಲ್ಲರೂ ನಕ್ಕರು. ಜೊತೆಗೆ ಕಲಿಯುವ ಮಂಗಮ್ಮ, 'ಮಲ್ಲಾಜಕ್ಕ, ನಿನ್ನೆಮ್ಮೆ ಬಾವಿಗೆ ಬಿದ್ದೋಯ್ತು ಕಣಕ್ಕ' ಅಂದಳು. ಅವ್ವ ಸೆರಗು ಬಾಯಿಗೊತ್ತಿಕೊಂಡು ಹೊರಗೆ ಹೋದಳು. ಉಳಿದವರದೂ ಅದೇ ಕಥೆ. ಓದಲು ಬರುವುದು ತಂತಮ್ಮ ಹೆಸರು, ಅಷ್ಟೇ.

ಶಾಂತರಾಜು ಒಳ್ಳೆಯ ಮನುಷ್ಯ, ಸಿಟ್ಟಾಗಲಿಲ್ಲ. 'ಬುಡಿ ಸಿದ್ದಾರ್ಥ, ಎಲ್ರೂ ಓದ್ತಾರೆ ಅಂತ ಬರ್ಕೊಡ್ತೀನಿ. ನಿಮ್ಗೂ ಸೀಟಾಗ್ಲಿ, ನಮ್ಗೂ ಲೆಕ್ಕ ಆಗ್ಲಿ' ಎಂದರು. ನಾನು ಬೇಡವೆಂದೆ. ಓದಲು ಬಾರದವರನ್ನು ಓದಬಲ್ಲವರೆಂದು ಬರೆದುಬಿಟ್ಟರೆ ನಾಳೆ ಅವರಿಗೆ ಕಲಿಸಲು ಯಾರು ಬರುತ್ತಾರೆ? ಪಕ್ಕದ ಮನೆ ಗುರುಸಿದ್ದಮ್ಮತ್ತೆ ಮಾತ್ರ ಸುಮ್ಮನಿರಲಿಲ್ಲ: 'ಇಸ್ಕೊಳ್ಳಲಾ ಮುಕ್ಕ! ನಿಂಗೋಸ್ಕರ ನಾವು ಗಂಟ್ಲು ಅರ್ಕೊಂಡಿದ್ದು ಸುಮ್ನೆಯಾ?'

ಆ ಮಾತು ಚುಚ್ಚುತ್ತಲೇ ಇದೆ. ನಾನು ಕಲಿಸಿದ್ದೇನು, ಕಲಿಸಲಾಗದೆ ಹೋದದ್ದೇನು ಎಂದು ಒಂದು ಹಾಳೆಯಲ್ಲಿ ಬರೆದಿದ್ದೇನೆ. ಅದನ್ನೇ ಅಂಕಪಟ್ಟಿಯ ಪಕ್ಕ ಇಡುತ್ತೇನೆ. ಸೀಟು ಕೊಡದಿದ್ದರೆ ಕೊಡದಿರಲಿ. ಹಾಗೆ ಬರೆದದ್ದು ಸುಳ್ಳು. ನನಗೆ ಆ ಸೀಟು ಬೇಕು ಅಕ್ಕ, ತುಂಬಾ ಬೇಕು.

ಬೈದಾದರೂ ಒಂದು ಕಾರ್ಡು ಬರೆ.

ನಿನ್ನ ಹಟಮಾರಿ ತಮ್ಮ,
ಸಿದ್ದಾರ್ಥ

ತಾ.ಕ.: ನೀನು ಊರಿಗೆ ಬಂದಾಗ ಅವ್ವನ ಮುಂದೆ ಇದನ್ನೆಲ್ಲ ಎತ್ತಬೇಡ. ನಾನು ಬೇಡವೆಂದದ್ದು ಅವಳಿಗೆ ಗೊತ್ತಿಲ್ಲ, ಗುರುಸಿದ್ದಮ್ಮತ್ತೆಯ ಬಾಯಿಯನ್ನೂ ಕಟ್ಟಿದ್ದೇನೆ. ತನ್ನಿಂದಲೇ ಎಲ್ಲ ಕೆಟ್ಟಿತೆಂದು ಅವ್ವ ಉಣ್ಣದೆ ಕೂತಿದ್ದಳು. ಸರ್ಟಿಫಿಕೇಟ್ ಸಿಕ್ಕಿತು ಎಂದುಬಿಟ್ಟೆ. ಓದು ಎಂದಳು. ಕೈಗೆ ಸಿಕ್ಕ ಕರಪತ್ರ ಹಿಡಿದು, 'ಮಲ್ಲಾಜಮ್ಮ ಮುಂತಾದವರಿಗೆ ಓದು ಕಲಿಸಿದ್ದಾರೆ' ಎಂದು ಓದಿದೆ. ಅವಳು ಅದನ್ನು ಇಸಿದುಕೊಂಡು, ಸಾಲುಸಾಲಿಗೂ ಬೆರಳಿಟ್ಟು, ಕೊನೆಯವರೆಗೆ ಹುಡುಕಿದಳು. 'ಇದ್ರಲ್ಲಿ ನನ್ನೆಸ್ರೇ ಇಲ್ವಲ್ಲ ಮಗಾ' ಅಂದಳು.