ಬಾಗಿಲ ಮೇಲಿನ ಕಲ್ಲು

ಸರಳಾ ಅಕ್ಕನಿಗೆ,

ಮತ್ತಿಗಿರಿಯ ನಿನ್ನ ಮನೆಯಿಂದಲೇ ಬರೆಯುತ್ತಿದ್ದೇನೆ. ನೀನು ನನ್ನನ್ನು ನೋಡಿಲ್ಲ. ನೀನು ತೀರಿಕೊಂಡ ನಾಲ್ಕು ವರ್ಷಕ್ಕೆ ನಿನ್ನ ಗಂಡ ಅರುಣ್‌ಕುಮಾರನನ್ನು ಮದುವೆಯಾದ ಶಶಿರೇಖಾ ನಾನು. ಸತ್ತವರ ಕ್ಷೇಮ ಕೇಳುವುದು ಹೇಗೆಂದು ನಮ್ಮ ಕಾನ್ವೆಂಟಿನಲ್ಲಿ ಹೇಳಿಕೊಡಲಿಲ್ಲ. ನನ್ನ ಕ್ಷೇಮವನ್ನೇ ಹೇಳಿಬಿಡುತ್ತೇನೆ.

ಮದುವೆಯಾಗಿ ಮೂರು ತಿಂಗಳು. ಕೈಯ ಮೆಹಂದಿ ಇಳಿದಿದೆ, ತಲೆಗೆ ಏರಿದ್ದು ಇಳಿದಿಲ್ಲ. ಸಂಜೆ ಬೀದಿಯ ತಿರುವಿನಲ್ಲಿ ಅರುಣ್‌ನ ಬೈಕಿನ ಸದ್ದು ಕೇಳಿದರೆ ಸಾಕು, ಒಲೆಯ ಮೇಲೆ ಏನಿದ್ದರೂ ಬಿಟ್ಟು ಬಾಗಿಲಿಗೆ ಓಡುತ್ತೇನೆ. ಎರಡು ಸಲ ಸಾರು ಸೀದಿದೆ. ಅವನು ಸೀದ ಸಾರನ್ನೇ ಉಂಡು, ಚೆನ್ನಾಗಿದೆ ಅನ್ನುತ್ತಾನೆ. ಅತ್ತೆ ಮಾತ್ರ, "ಸರಳಾ ಇದ್ದಾಗ ಈ ಮನೇಲಿ ಸಾರು ಸೀದಿದ್ದೇ ಇಲ್ಲ" ಅನ್ನುತ್ತಾರೆ. ನೀನು ‘ಏನ್ರೀ’ ಎಂದು ಅವನನ್ನು ಕರೆಯುತ್ತಿದ್ದೆಯಂತೆ. ನಾನು ಹೆಸರು ಹಿಡಿದೇ ಕರೆಯುತ್ತೇನೆ. ಅತ್ತೆಗೆ ಅದೂ ಒಂದು ಕೊರತೆ.

ನಡುಮನೆಯ ಬಾಗಿಲ ಮೇಲೆ ನಿನ್ನ ಫೋಟೋ ಇದೆ, ಸುತ್ತ ಮಿಣಮಿಣ ಬಲ್ಬು. ಒಳಗೆ ಬಂದರೂ ಹೊರಗೆ ಹೋದರೂ ನಿನ್ನ ಕೆಳಗೇ ಹಾಯಬೇಕು. ನನ್ನ ಮದುವೆಯ ಫೋಟೋ ಇನ್ನೂ ಕವರಿನಲ್ಲಿದೆ. ಮೊಳೆ ಹೊಡೆಯಲು ಗೋಡೆಯಲ್ಲಿ ಜಾಗ ಸಿಕ್ಕಿಲ್ಲವಂತೆ.

ಹನಿಮೂನಿಗೆ ಏರ್ಕಾಡು ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಅರುಣ್ ಅಂದಿದ್ದ. ರೂಮೂ ಬುಕ್ ಆಗಿತ್ತು, ನಾನು ಸ್ವೆಟರ್ ಕೂಡ ಕೊಂಡಿದ್ದೆ. ಅಷ್ಟರಲ್ಲಿ ಚರ್ಚಿನವರು ದಿನ ಗೊತ್ತುಮಾಡಿದರು. ಪ್ರತಿ ವರ್ಷ ಒಂದು ಬಡ ಕುಟುಂಬಕ್ಕೆ ಮನೆ ಕಟ್ಟಿಕೊಡುವ ಸೇವೆ ಅದು, ನಿನಗೆ ನನಗಿಂತ ಚೆನ್ನಾಗಿ ಗೊತ್ತು. ನೀನೇ ಮುಂದೆ ನಿಂತು ಮಾಡಿಸುತ್ತಿದ್ದೆಯಂತೆ. ಈ ಸಲದ ಮನೆ ಸಾನಮಾವು ಕಾಡಿನಂಚಿನ ಬೈರಮ್ಮ, ಅವಳ ಗಂಡ ದೊಡ್ಡವೆಂಕಟಪ್ಪ ಅವರಿಗೆ, ನಿನ್ನ ನೆನಪಿನಲ್ಲಿ. "ಏರ್ಕಾಡು ಎಲ್ಲೂ ಹೋಗಲ್ಲ ಶಶಿ" ಅಂದ. ಸ್ವೆಟರನ್ನು ಪೆಟ್ಟಿಗೆಗೆ ಹಾಕಿದೆ.

ಆದರೂ ಕುಣಿದುಕೊಂಡೇ ಹೋದೆ. ಅವಲಪಲ್ಲಿಯ ಹಿಂದೂ ಮನೆಯಲ್ಲಿ ಹುಟ್ಟಿದವಳು ನಾನು. ಏಸುವಿನ ಹೆಸರಲ್ಲಿ ಇಟ್ಟಿಗೆ ಹೊರಲು ನನಗೇನೂ ಬೇಸರವಿರಲಿಲ್ಲ, ಅರುಣ್ ಸಾಲಿನಲ್ಲಿ ನನ್ನ ಪಕ್ಕ ಇದ್ದರಾಯಿತು. ಒಬ್ಬರ ಕೈಯಿಂದ ಒಬ್ಬರ ಕೈಗೆ ಇಟ್ಟಿಗೆ ದಾಟಿಸುವಾಗ ಬೇಕೆಂದೇ ಬೆರಳು ಮುಟ್ಟಿಸುತ್ತಿದ್ದ. ಕೆನ್ನೆಗೆ ಹತ್ತಿದ ಸಿಮೆಂಟನ್ನು ಎಲ್ಲರೆದುರೇ ಕರ್ಚೀಫಿನಿಂದ ಒರೆಸಿದ. ಏರ್ಕಾಡು ಇದಕ್ಕಿಂತ ಚೆನ್ನಾಗಿರುತ್ತದೆಯೇ ಎಂದುಕೊಂಡೆ. ಮನೆಯ ಗೋಡೆ ಏಳುವುದನ್ನು ನೋಡುತ್ತಾ ಬೈರಮ್ಮ ನಮಗೆಲ್ಲ ಮಜ್ಜಿಗೆ ಕೊಡುತ್ತಿದ್ದಳು. "ಈ ಹುಡುಗಿ ಇಟ್ಟಿಗೆ ನೋಡ್ಕೊಂಡು ಹೊರ್ತಾ ಇಲ್ಲ, ಗಂಡನ್ನ ನೋಡ್ಕೊಂಡು ಹೊರ್ತಾವ್ಳೆ. ಕಾಲ್ಮೇಲೆ ಬಿದ್ದಾತು" ಎಂದು ದೊಡ್ಡವೆಂಕಟಪ್ಪ ನಗುತ್ತಿದ್ದ.

ಕೊನೆಯ ದಿನ ಬೆಡ್‌ಶೀಟಿನಲ್ಲಿ ಸುತ್ತಿದ ಕಲ್ಲು ಬಂತು. ಹೊಳಪು ಕೊಟ್ಟ ಕರಿಕಲ್ಲು. ಮೇಲೆ ಶಿಲುಬೆ, ನಡುವೆ ಕೆತ್ತಿದ ನಿನ್ನ ಮುಖ, ಕೆಳಗೆ ನಿನ್ನ ಹೆಸರು, ಹುಟ್ಟಿದ ದಿನ, ಹೋದ ದಿನ. ಬಾಗಿಲ ಮೇಲೆ ಅದನ್ನು ಕೂರಿಸಿದರು. ಅರುಣ್ ಏಣಿಯ ಮೇಲೆ ನಿಂತು ತನ್ನ ಕರ್ಚೀಫಿನಿಂದ ನಿನ್ನ ಕೆನ್ನೆಯ ಧೂಳು ಒರೆಸಿದ. ಅದೇ ಕರ್ಚೀಫು.

ಪಾಸ್ಟರ್ ಪ್ರಾರ್ಥನೆ ಮಾಡಿ ಬೀಗದಕೈ ಕೊಟ್ಟರು. ಬೈರಮ್ಮ ತೆಗೆದುಕೊಂಡಳು, ಎಲ್ಲರಿಗೂ ಕೈ ಮುಗಿದಳು, ಹೊಸಿಲು ಮಾತ್ರ ದಾಟಲಿಲ್ಲ. ಸಂತೋಷಕ್ಕೆ ಕಾಲು ಏಳುತ್ತಿಲ್ಲ ಎಂದು ತಂಡದ ಹುಡುಗಿಯೊಬ್ಬಳು ಅತ್ತುಕೊಂಡು ವಿಡಿಯೋ ಮಾಡಿದಳು. ನನಗೆ ಗೊತ್ತಾಯಿತು. ನಮ್ಮ ಹಳ್ಳಿಗಳಲ್ಲಿ ಸತ್ತವರ ಮುಖ, ದಿನ ಕೆತ್ತಿದ ಕಲ್ಲು ನಿಲ್ಲುವುದು ಹೊಲದಂಚಿನ ಸಮಾಧಿಯ ಮೇಲೆ. ಅದರ ಅಡಿಯಲ್ಲಿ ಯಾರೂ ಒಲೆ ಹಚ್ಚುವುದಿಲ್ಲ. ತಂಡದಲ್ಲಿ ಇದನ್ನು ತಿಳಿದವಳು ನಾನೊಬ್ಬಳೇ, ಇದನ್ನು ಹೇಳಬಾರದವಳೂ ನಾನೊಬ್ಬಳೇ.

ಬೈರಮ್ಮ ನನ್ನನ್ನು ಹುಲ್ಲಿನ ಬಣವೆಯ ಹಿಂದಕ್ಕೆ ಕರೆದಳು. "ನೀನು ನಮ್ಮೋಳಂಗೆ ಮಾತಾಡ್ತೀಯ ಕಣವ್ವಾ, ಅದಕ್ಕೆ ಕೇಳ್ತೀನಿ. ಮನೆ ಚೆಂದಾಗೈತೆ, ಅವ್ರ ಹೊಟ್ಟೆ ತಣ್ಣಗಿರ್ಲಿ. ಆದ್ರೆ ಸಮಾಧಿ ಕಲ್ಲಿನ ಕೆಳ್ಗೆ ಹೆಂಗೆ ಹಾಲುಕ್ಕಿಸ್ಲಿ? ನಿಮ್ಮೆಜಮಾನ್ರಿಗೆ ಒಂದ್ಮಾತು ಹೇಳು."

ಹೇಳಿದೆ, ಅಕ್ಕಾ. ಬೈಕಿನಲ್ಲಿ ವಾಪಸು ಬರುವಾಗ, ಅವನ ಬೆನ್ನಿಗೆ ಕೆನ್ನೆ ಇಟ್ಟುಕೊಂಡು, ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ. ಕಲ್ಲನ್ನು ಪಕ್ಕದ ಗೋಡೆಗೋ ಅಂಗಳಕ್ಕೋ ಹಾಕಿಸೋಣ ಅಂದೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬೈರಮ್ಮನ್ನ ಯಾಕೆ ಅಡ್ಡ ಇಟ್ಕೋತೀಯ ಶಶಿ? ಸರಳಾ ಹೆಸರು ಕಂಡ್ರೆ ನಿನಗೆ ಆಗಲ್ಲ ಅಂತ ನೇರವಾಗಿ ಹೇಳು, ನನಗೆ ಅರ್ಥ ಆಗುತ್ತೆ" ಅಂದ. ಅಷ್ಟು ಪ್ರೀತಿಯಿಂದ ಅಂದ.

ನಿನ್ನ ಹೆಸರು ನನಗೆ ಆಗುವುದಿಲ್ಲ, ನಿಜ. ಬೈರಮ್ಮ ಹೇಳಿದ್ದೂ ನಿಜ. ಅವನಿಗೆ ಮೊದಲನೆಯದಷ್ಟೇ ಕೇಳಿಸಿತು. ಕೆನ್ನೆಯನ್ನು ಅವನ ಬೆನ್ನಿನಿಂದ ತೆಗೆದೆ. ಅವನಿಗೆ ತಿಳಿಯಿತೋ ಇಲ್ಲವೋ.

ಹೊಸ ಮನೆಗೆ ಬೀಗ ಬಿತ್ತು. ಆ ಸಂಸಾರ ಪಕ್ಕದಲ್ಲೇ ಟಾರ್ಪಾಲಿನಡಿ ಮಲಗತೊಡಗಿತು. ರಾಗಿ ಕೊಯ್ಲಿನ ಕಾಲ, ಸಾನಮಾವಿನ ಆನೆಗಳು ದಿನವೂ ಹೊಲಕ್ಕೆ ಇಳಿಯುವ ಕಾಲ. ಇಲ್ಲಿ ಹಾಸಿಗೆಯಲ್ಲಿ ಅರುಣ್‌ನ ತೋಳಿನ ಮೇಲೆ ತಲೆಯಿಟ್ಟು ನಾನು ಆ ಟಾರ್ಪಾಲನ್ನೇ ನೆನೆಯುತ್ತಿದ್ದೆ.

ಮೊನ್ನೆ ಗುರುವಾರ, ಅಮ್ಮನ ಮನೆಗೆಂದು ಹೇಳಿ ಬಾಳೆಹಣ್ಣು ಕಟ್ಟಿಸಿಕೊಂಡು ಬೈರಮ್ಮನಲ್ಲಿಗೆ ಹೋದೆ. ಟಾರ್ಪಾಲು ಚಿಂದಿಯಾಗಿ ಬಿದ್ದಿತ್ತು, ಪಾತ್ರೆಗಳು ತಗಡಿನಂತೆ ಚಪ್ಪಟೆಯಾಗಿದ್ದವು. ಹಿಂದಿನ ರಾತ್ರಿ ಆನೆ ಬಂದಾಗ ಹೇಗೋ ಬೀಗ ತೆಗೆದು ಎಲ್ಲರೂ ಮನೆಯೊಳಗೆ ಓಡಿ ಉಳಿದುಕೊಂಡಿದ್ದರು. ಬೆಳಿಗ್ಗೆ ದೊಡ್ಡವೆಂಕಟಪ್ಪ ಹಾರೆ ಹಿಡಿದು ಕಲ್ಲು ಕಿತ್ತಿದ್ದ. ಒಳಗೆ ಒಲೆ ಉರಿಯುತ್ತಿತ್ತು, ನೆಲಕ್ಕೆ ಉಕ್ಕಿದ ಹಾಲಿನ ವಾಸನೆ ಇನ್ನೂ ಇತ್ತು. ಬಾಗಿಲ ಮೇಲೆ ಕಲ್ಲಿದ್ದ ಜಾಗದಲ್ಲಿ ಬೋಳು ಸಿಮೆಂಟಿನ ಚೌಕ.

ನನ್ನನ್ನು ಕಂಡು ಬೈರಮ್ಮ ಹೆದರಿದಳು. "ತಪ್ಪು ತಿಳ್ಕೋಬ್ಯಾಡ ತಾಯಿ. ಆಯಮ್ಮನ್ನ ಬಿಸಾಕಿಲ್ಲ, ಮರದಡೀಲಿ ಕೂರ್ಸಿವ್ನಿ. ಮುತ್ತೈದೆಯಾಗಿ ಹೋದೋಳಂತೆ, ಅರ್ಸಿನ ಕುಂಕ್ಮ ಇಲ್ದೆ ಬಿಡಾಕಾಗ್ತದಾ?"

ಹೊಂಗೆಮರದ ಕೆಳಗೆ ನೀನು ಕೂತಿದ್ದೆ. ಶಿಲುಬೆಗೆ ಅರಿಶಿನ, ಹಣೆಗೆ ಕುಂಕುಮ, ಮುಂದೆ ಹಸಿರು ಬಳೆ. ಪಕ್ಕದ ಟಾರ್ಪಾಲು ಗುಡಿಸಲಿನ ಪಿಳ್ಳಮ್ಮ ಹೂವು ಇಟ್ಟು ಹೋಗಿದ್ದಳಂತೆ. ನನ್ನ ಮನೆಯಲ್ಲಿ ಬಾಗಿಲು, ಇಲ್ಲಿ ಮರ. ಎಲ್ಲಿ ಹೋದರೂ ನಿನಗೇ ಪೂಜೆ.

"ಆಯಮ್ಮ ನಿಂಗೇನಾಗ್ಬೇಕು?" ಎಂದು ಬೈರಮ್ಮ ಕೇಳಿದಳು. ನನ್ನ ಗಂಡನ ಮೊದಲ ಹೆಂಡತಿ ಅಂದೆ. ಅವಳು ಬಾಯಿಗೆ ಸೆರಗು ಹಚ್ಚಿದಳು. "ನಮ್ಮತ್ತೆಗೂ ಒಬ್ಳಿದ್ಲು ಹಂಗೇ. ನಮ್ಮಾವ ಸಾಯೋಗಂಟ ಅವ್ಳು ಮಾಡೋ ಮುದ್ದೆನೇ ಹೊಗುಳ್ತಿದ್ದ. ನಮ್ಮತ್ತೆ ಪಾಪ, ಆ ಮುದ್ದೆ ಕಂಡೂ ಇರ್ಲಿಲ್ಲ, ತಿಂದೂ ಇರ್ಲಿಲ್ಲ, ಬೈಸ್ಕೊಂಡಿದ್ದೇ ಬಂತು." ಕುಂಕುಮದ ಬಟ್ಟಲು ಚಾಚಿದಳು. "ಹಂಗಾದ್ರೆ ಇದು ನೀನೇ ಇಕ್ಬೇಕಾದ್ದು."

ಮದುವೆಯಾದ ಮೇಲೆ ನಾನು ಕುಂಕುಮ ಮುಟ್ಟಿರಲಿಲ್ಲ. ಇಟ್ಟೆ. ಬೆರಳು ನಿನ್ನ ಹಣೆಯ ಮೇಲೆ ಬೇಕಾದ್ದಕ್ಕಿಂತ ಜೋರಾಗಿ ಒತ್ತಿತು. ಕಲ್ಲಾದ್ದರಿಂದ ನಿನಗೆ ನೋಯಲಿಲ್ಲ, ನನಗೆ ನೋಯಿತು.

ಈ ಭಾನುವಾರ ನಿನ್ನ ವರ್ಷದ ದಿನ. ಚರ್ಚಿನವರೆಲ್ಲ ಆ ಮನೆಗೆ ಹೋಗಿ ನಿನ್ನ ಕಲ್ಲಿನ ಕೆಳಗೆ ನಿಂತು ಪ್ರಾರ್ಥನೆ ಮಾಡುತ್ತಾರೆ. ಮುಂದಿನ ಮನೆ ಪಿಳ್ಳಮ್ಮನಿಗೆ ಎಂದು ಪಾಸ್ಟರ್ ಅಂದೇ ಘೋಷಿಸಲಿದ್ದಾರೆ. ಶಿಲುಬೆ ಇದ್ದ ಕಲ್ಲನ್ನು ಹಾರೆಯಿಂದ ಕಿತ್ತು ಕುಂಕುಮ ಬಳಿದರು ಎಂದು ತಿಳಿದರೆ, ಆ ಊರಿಗೆ ಇನ್ನೊಂದು ಇಟ್ಟಿಗೆ ಹೋಗುವುದಿಲ್ಲ. ಪಿಳ್ಳಮ್ಮ ಇರುವುದೂ ಟಾರ್ಪಾಲಿನಡಿಯಲ್ಲೇ.

ಆದ್ದರಿಂದ ನಾನೇ ಕೀಳಿಸಿದೆ ಎಂದು ಹೇಳಲಿದ್ದೇನೆ. ನಾನೇ ಹೋಗಿ, ಬೇಡವೆಂದರೂ ಕೇಳದೆ, ಹಟ ಹಿಡಿದು ಮರದಡಿ ಹಾಕಿಸಿದೆ, ಕುಂಕುಮವೂ ನನ್ನದೇ ಎಂದು. ಬೈರಮ್ಮನಿಗೆ ಬಾಯಿ ಬಿಡಬೇಡ ಎಂದು ಹೇಳಿ ಬಂದಿದ್ದೇನೆ. ಎಲ್ಲರೂ ನನ್ನನ್ನು ನೋಡುತ್ತಾರೆ. ಅತ್ತೆಗೆ ವರ್ಷಗಟ್ಟಲೆ ಹೇಳಲು ಒಂದು ಮಾತು ಸಿಗುತ್ತದೆ. ಅದನ್ನೆಲ್ಲ ತಡೆದುಕೊಳ್ಳುತ್ತೇನೆ. ನನ್ನನ್ನು ಸುಡುವುದು ಬೇರೆ. ಅರುಣ್ ಅದನ್ನು ನಂಬಲು ಒಂದು ನಿಮಿಷವೂ ತೆಗೆದುಕೊಳ್ಳುವುದಿಲ್ಲ. ಒಂದು ಸಲ, ಒಂದೇ ಒಂದು ಸಲ, "ನೀನು ಹಾಗೆ ಮಾಡುವವಳಲ್ಲ" ಎಂದು ಅಂದುಬಿಟ್ಟರೆ ಅಲ್ಲೇ ಎಲ್ಲರೆದುರು ಅವನನ್ನು ತಬ್ಬಿಕೊಂಡುಬಿಡುತ್ತೇನೆ. ಅನ್ನುವುದಿಲ್ಲ. ಮೂರು ತಿಂಗಳಲ್ಲಿ ಅಷ್ಟು ಅವನನ್ನು ಕಲಿತಿದ್ದೇನೆ.

ಈ ಪತ್ರವನ್ನು ಅಲಮಾರಿನಲ್ಲಿರುವ ನಿನ್ನ ಕನ್ನಡ ಬೈಬಲಿನೊಳಗೆ ಇಡುತ್ತೇನೆ. ತಮಿಳು, ಇಂಗ್ಲಿಷ್ ಬಿಟ್ಟು ಬೇರೆ ಓದಲು ಬಾರದ ಈ ಮನೆಯಲ್ಲಿ ಅದನ್ನು ತೆರೆಯುವವರು ಈಗ ನಾನೊಬ್ಬಳೇ.

ನಿನ್ನ ಮರದ ನೆರಳು ತಣ್ಣಗಿರಲಿ, ಅಕ್ಕಾ. ಅಲ್ಲೇ ಸುಖವಾಗಿರು. ಬಾಗಿಲುಗಳನ್ನು ನಮಗೆ ಬಿಡು.

ನಿನ್ನ ನಂತರ ಬಂದವಳು,
ಶಶಿರೇಖಾ