ಒಡೆದ ಧಾ

ಜೂನ್ 18, ಬೆಳಿಗ್ಗೆ
ಇವತ್ತೂ ರಿಯಾಜಿಗೆ ಕೂತು ಹತ್ತೇ ನಿಮಿಷಕ್ಕೆ ಎದ್ದೆ. ಎಡಗೈಯ ಡಗ್ಗಾದ ಚರ್ಮ ಸಡಿಲ. ತಬಲಾ ಕಟ್ಟುವ ಇಲಾಹಿಯ ಅಂಗಡಿಗೆ ಮೂರನೇ ಸಲ ಹೊತ್ತುಕೊಂಡು ಹೋದೆ. ಮಿರಜದಲ್ಲಿ ಈಗ ಕೆಲಸ ಬಲ್ಲವರೇ ಇಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಅಂದೆ. ಗುರುಪೂರ್ಣಿಮೆಗೆ ಅಕ್ಕನ ಹಾಡಿಕೆ. ಎಂಬತ್ತಾಯಿತು ಅವಳಿಗೆ, ಇದೇ ಕೊನೆಯ ಕಛೇರಿಯಂತೆ. ಐವತ್ತು ವರ್ಷ ನನ್ನ ತಬಲಾ ಬಿಟ್ಟು ಬೇರೆಯವರ ಜೊತೆ ಹಾಡಿದವಳಲ್ಲ.

ಜೂನ್ 21
ಇಲಾಹಿ ಮನೆಗೇ ಬಂದ. ಬಾರಿಸಿ ಅಂದ. ಕಣ್ಣು ಮುಚ್ಚಿ ಕೇಳಿದ.
"ತಾಯೀ, ಬೈಬೇಡಿ. ಚರ್ಮ ಗಟ್ಟಿಯಾಗೇ ಇದೆ. ನಿಮ್ಮ ಧಾ ಒಡೀತಿದೆ. ಘೆ ಮೊದಲು, ನಾ ಆಮೇಲೆ."
ಎಡಗೈಯ ಘೆ, ಬಲಗೈಯ ನಾ — ಒಟ್ಟಿಗೆ ಬಿದ್ದರೆ ಧಾ. ತಾಳದ ಮೊದಲ ಪೆಟ್ಟು, ಸಮ, ಬೀಳುವುದೇ ಅದರ ಮೇಲೆ. ಮಕ್ಕಳ ಮೊದಲ ಪಾಠ. "ನಿನ್ನ ಕಿವಿಯಲ್ಲಿ ಗುಗ್ಗೆ ಕೂತಿದೆ" ಅಂದೆ. ಅವನು ಹೋದ ಮೇಲೆ ಅತ್ತೆ.

ಜುಲೈ 4
ಲಕ್ವ ಅಲ್ಲವಂತೆ. ವಯಸ್ಸಂತೆ. ಡಾಕ್ಟರು ಸ್ಕ್ಯಾನ್ ತೋರಿಸಿದರು. "ಮಿದುಳಿನ ಎಡಭಾಗ ಬಲಗೈ ನಡೆಸುತ್ತೆ, ಬಲಭಾಗ ಎಡಗೈ. ಮಧ್ಯೆ ಒಂದು ಸೇತುವೆ ಅಜ್ಜೀ, ಅದು ಸವೆದಿದೆ. ಆಚೆ ಸುದ್ದಿ ಈಚೆಗೆ ತಡವಾಗಿ ಬರುತ್ತೆ."
"ಎಷ್ಟು ತಡ?"
"ರೆಪ್ಪೆ ಬಡಿಯೋದಕ್ಕಿಂತ ಕಡಿಮೆ."
ಮಾನ ಹೋಗಲು ಅಷ್ಟು ಸಾಕಲ್ಲವೇ!

ಜುಲೈ 5, ನಸುಕು
ಕನಸು. ಕೃಷ್ಣೆಯ ಎರಡು ದಡದಲ್ಲಿ ನನ್ನ ಎರಡು ಕೈ. ಒಂದು ಕರೆಯುತ್ತದೆ. ಇನ್ನೊಂದು ಮಂಜಿನೊಳಗಿಂದ ಓಗೊಡುತ್ತದೆ... ನಡುವೆ ದೋಣಿ. ಅಂಬಿಗನಿಗೆ ಅವಸರವೇ ಇಲ್ಲ. ದೋಣಿಯಲ್ಲಿ ಅಕ್ಕ ಕೂತು ಗುನುಗುತ್ತಿದ್ದಳು. ಯಾಕೋ ಸಿಟ್ಟೇ ಬರಲಿಲ್ಲ. ಎದ್ದ ಮೇಲೂ ಬೆರಳುಗಳು ತಣ್ಣಗಿದ್ದವು.

ಜುಲೈ 19
ಎರಡು ವಾರ ತಬಲಾದ ಮುಸುಕು ತೆಗೆಯಲಿಲ್ಲ. ಇವತ್ತು ಅಕ್ಕನಿಗೆ ಹೇಳಿಯೇಬಿಟ್ಟೆ — ಬೇರೆ ಯಾರನ್ನಾದರೂ ಕೂರಿಸಿಕೋ.
ಎಲೆ ಅಡಿಕೆ ಮೆಲ್ಲುತ್ತಲೇ ಇದ್ದಳು. "ವತ್ಸೀ, ನಂಗೇನು ಕಿವುಡೇನೇ? ವರ್ಷದಿಂದ ಕೇಳ್ತಾನೇ ಇದೀನಿ."
"ಮತ್ತೆ ಯಾಕೆ ಹೇಳ್ಲಿಲ್ಲ?"
"ನನ್ನ ಉಸಿರು ಅರ್ಧಕ್ಕೇ ನಿಲ್ಲುತ್ತೆ ಅಂತ ನೀನು ಹೇಳಿದ್ಯಾ? ಅಲ್ಲಿ ತಬಲಾದ ನಾಕು ಬೋಲು ತುಂಬಿ ಮುಚ್ಚಿಬಿಡ್ತೀಯ." ಬೆರಳಿಗಂಟಿದ ಸುಣ್ಣ ಒರೆಸಿಕೊಂಡಳು. "ಲಯ ಇನ್ನೂ ಇಳಿಸೋಣ. ನಿನ್ನ ಘೆ ಬರ್ಲಿ, ನಾ ಬರ್ಲಿ. ನಡುವಿನ ಜಾಗದಲ್ಲಿ ನಾನು ಸಮಕ್ಕೆ ಬಂದು ಕೂರ್ತೀನಿ."

ಜುಲೈ 21, ಸಂಜೆ
ಗುರುಗಳ ಫೋಟೊಗೆ ಹಾರ ಹಾಕಿಯಾಯಿತು. ಇಲಾಹಿ ಮುಂದಿನ ಸಾಲಿನಲ್ಲೇ ಕೂತಿದ್ದಾನೆ, ಪಾಪಿ. ಅಕ್ಕ ಕರೆಯುತ್ತಿದ್ದಾಳೆ—

ಜುಲೈ 22
ಮೊದಲ ಸಮ. ಘೆ ಬಿತ್ತು. ಅಕ್ಕ ನನ್ನ ಕಡೆ ತಿರುಗಿ, ಹಗುರವಾಗಿ, ಷಡ್ಜಕ್ಕೆ ಬಂದು ಕೂತಳು. ಆಮೇಲೆ ನಾ. ಇಲಾಹಿ ಕಣ್ಣೊರೆಸಿಕೊಂಡ.
ಬರುವಾಗ ರಿಕ್ಷಾದಲ್ಲಿ ಅಕ್ಕ ಅಂದಳು, "ಮುಂದಿನ ವರ್ಷ ಇನ್ನೂ ನಿಧಾನಕ್ಕೆ ಹಾಡೋಣ ಕಣೇ."
ಕೊನೆಯ ಕಛೇರಿ ಅಂದವಳು! ಬೈಯಬೇಕು ಅಂತ ಬಾಯಿ ತೆರೆದೆ, ಆದರೆ ಬಂದದ್ದು "ಹೂಂ, ನಾಳೆಯಿಂದಲೇ ರಿಯಾಜು" ಅಂತ.