ಒಡದ ಕಲ್ಲಿಗೆ ಎಣ್ಣಿ

೧೨ ನವೆಂಬರ್ ೨೦೨೪, ಮಂಗಳವಾರ. ಧಾರವಾಡ

ಸಾಬೂನು ಹಚ್ಚಿ ಎಷ್ಟು ತೊಳದ್ರೂ ಅಂಗೈಯಾಗಿನ ಎಣ್ಣಿ ವಾಸನಿ ಹೋಗವಲ್ದು.

ಗುಡ್ಡದ ಗುಡಿಯ ಶಾಸನ ಕಡೀಗೂ ಇವತ್ತು ಓದಿದೆ. ಅಲ್ಲಿನವರಿಗೆ ಅದು ಶಾಸನ ಅಲ್ಲ, ದೇವರು. ಎಣ್ಣಿ, ಕುಂಕುಮ ಹಚ್ಚಿ ಹಚ್ಚಿ ಅಕ್ಷರ ಎಲ್ಲಾ ಮುಚ್ಚಿಬಿಟ್ಟಾರ. ಮುಂಜಾನೆಯಿಂದ ಬಿಸಿನೀರು ಹಾಕಿ ನಾನ ತಿಕ್ಕಿದೆ. ನೆನಸಿದ ಕಾಗದ ಕಲ್ಲಿಗೆ ಬಡದು, ಮಸಿ ಒತ್ತಿ ಅಚ್ಚು ತಗದೆ. ಅಷ್ಟರಾಗ ಪೂಜಿ ಮಾಡೋ ರತ್ನವ್ವ ಎಣ್ಣಿ ಬಟ್ಟಲಾ ಹಿಡಕೊಂಡು ಬಂದ್ಲು.

"ಬಿಸಿನೀರು ಎರದ ಮ್ಯಾಲೆ ನೆತ್ತಿಗೆ ಎಣ್ಣಿ ಹಾಕದ ಬಿಡ್ತಾರೇನ್ರಿ, ಅಕ್ಕಾರ?"

ನನಗ ಸಿಟ್ಟು ಬಂತು. "ಇನ್ನ ಮ್ಯಾಲೆ ಒಂದು ಹನಿ ಹಾಕಬ್ಯಾಡ್ರಿ" ಅಂತ ಗದರಿದೆ. ಪಾಪ, ಬಟ್ಟಲಾ ಬದಿಗಿಟ್ಟು ಕುಂತ್ಲು. ಆಮ್ಯಾಲೆ ಮೆಲ್ಲಕ ಕೇಳಿದ್ಲು, "ಏನ್ ಬರದೈತ್ರಿ?"

ಓದಿ ಹೇಳಿದೆ. ಯಾರೋ ಒಬ್ಬ ತಾಯಿ, ತೀರಿಹೋದ ಸಣ್ಣ ಮಗಳ ಹೆಸರಿನಾಗ ಗುಡಿಯ ದೀಪಕ್ಕ ಎಣ್ಣಿ ಬಿಟ್ಟಾಳ, ಸೂರ್ಯ ಚಂದ್ರ ಇರೋತನಕ.

"ಕೂಸಿನ ಹೆಸರೇನ್ರಿ?"

ಹೆಸರಿದ್ದ ಕಡೆ ಕಲ್ಲು ಒಡದೈತಿ ಅಂದೆ.

ರತ್ನವ್ವ ಎದ್ದು ಬಂದು ಆ ಒಡದ ಜಾಗಾ ಬೆರಳಿಲೆ ಹುಡುಕಿ ಮುಟ್ಟಿದ್ಲು. ನನ್ನ ಮಾರಿ ನೋಡಿದ್ಲು. ಎಣ್ಣಿ ಬಟ್ಟಲಾ ಎತ್ತಿಕೊಂಡ್ಲು.

ಬ್ಯಾಡ ಅನ್ನಬೇಕಿತ್ತು. ಕಾಲೇಜಿನ ಹುಡುಗರಿಗೆ ನಾನು ಕಲಿಸೋದು ಅದನ್ನ. ಆದ್ರ ಅಂಗೈ ಒಡ್ಡಿದೆ. ಆಕಿ ಎಣ್ಣಿ ಸುರುವಿದ್ಲು. ಆ ಒಡದ ಜಾಗಾಕ್ಕ ನಾನ ತಟ್ಟಿದೆ, ಮೆತ್ತಗ, ಕೂಸಿನ ನೆತ್ತಿಗೆ ತಟ್ಟಿದಂಗ.

ಕಲ್ಲು ಬೆಚ್ಚಗಿತ್ತು. ಬಿಸಿಲಿಗೆ ಇರಬೇಕು.